ನಮ್ಮ ಲೋಟದ ನೀರು

ನಾಟಕಕಾರನೆಂದು ನಮ್ಮವರಿಗೆ ಪರಿಚಿತನಾದ ಜರ್ಮನಿಯ ಬರ್ಟೋಲ್ಟ್ ಬ್ರೆಕ್ಟ್, ಹಿಟ್ಲರನ ಕಾಲದಲ್ಲಿ ದೇಶಬಿಟ್ಟು ಡೆನ್ಮಾರ್ಕಿನಲ್ಲಿದ್ದಾಗ ಮುಂದೆ ಹುಟ್ಟಲಿರುವವರನ್ನು ಉದ್ದೇಶಿಸಿ ಒಂದು ಕವನ ಬರೆದ. 1939ರಲ್ಲಿ ಪ್ರಕಟವಾದ ಅದಕ್ಕೆ ಹಾನ್ಸ್ ಐಸ್ಲರ್ ರಾಗ ಹಾಕಿ ಹಾಡಾಗಿಸಿದ. ತನ್ನ ಊಟದ ಹಿಂದೆ ಯಾರದೋ ಹಸಿವು, ತನ್ನ ಲೋಟದ ಹಿಂದೆ ಯಾರದೋ ಬಾಯಾರಿಕೆ ಇದೆಯೆಂದು ಕವಿಗೆ ಗೊತ್ತು. ಗೊತ್ತಿದ್ದೂ ಆತ ಉಣ್ಣುವುದನ್ನು ಬಿಡಲಿಲ್ಲ. ಬಿಟ್ಟೆನೆಂದು ಹೇಳಿಕೊಳ್ಳಲೂ ಇಲ್ಲ. ಕಾಗದದ ಕಾರ್ಖಾನೆಯೊಂದರ ನಿರ್ದೇಶಕರ ಮಗನಾತ, ಸುಖವೆಂದರೇನೆಂದು ಬಲ್ಲವನು. ಇದು ಪಾಪನಿವೇದನೆಯೆಂದು ಓದುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಲೆಕ್ಕದ ಪುಸ್ತಕ ತೆರೆದು ಕುಳಿತವನ ಮಾತಿನ ಹಾಗಿದೆ ಅದು.

ನಮ್ಮ ಲೆಕ್ಕಕ್ಕೆ ಮೈಮೇಲಿನ ಬನಿಯನು ಸಾಕು. ಅದು ತಿರುಪ್ಪೂರಿನದು. ಜರ್ಮನಿಯ ಅಂಗಡಿಗಳಿಗೂ ಅಲ್ಲಿಂದ ಬಟ್ಟೆ ಹೋಗುತ್ತದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಹೊಳೆ ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ ಕಾವೇರಿಯನ್ನು ಸೇರುತ್ತದೆ. ಹತ್ತಿಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ರಾಶಿ ರಾಶಿ ಉಪ್ಪು ಬೇಕು. ಬಣ್ಣ ಬಟ್ಟೆಯಲ್ಲಿ ನಿಲ್ಲುತ್ತದೆ, ಉಪ್ಪು ನೀರಿನೊಡನೆ ಹೊರಡುತ್ತದೆ. ವರ್ಷಗಟ್ಟಲೆ ಆ ನೀರು ಹೊಳೆಗೆ ಬಿತ್ತು. ಬೇಸಾಯಕ್ಕೆಂದು ಕಟ್ಟಿ 1992ರಲ್ಲಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತದ್ದೂ ಅದೇ. ಸುತ್ತಲಿನ ಬಾವಿಗಳು ಉಪ್ಪಾದವು, ಗದ್ದೆಗಳು ಕೆಟ್ಟವು. ಯಾರಿಗಾಗಿ ಕಟ್ಟಿದರೋ ಆ ರೈತರೇ ಅಲ್ಲಿ ನೀರು ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುವಂತಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು 700ಕ್ಕೂ ಮಿಕ್ಕಿದ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಆಗ ಕೂಲಿ ಕಳಕೊಂಡವರೂ ಬಡವರೇ ಎಂಬುದನ್ನು ಮರೆಯಬಾರದು. ಹೊಳೆಗೆ ಒಂದು ಹನಿಯನ್ನೂ ಬಿಡಕೂಡದೆಂಬ ಷರತ್ತಿನ ಮೇಲೆ ಕಾರ್ಖಾನೆಗಳು ಆಮೇಲೆ ತೆರೆದವು. ಬಾವಿಗಿಳಿದ ಉಪ್ಪು ಕೋರ್ಟಿನ ಆಜ್ಞೆಗೆ ಮೇಲೆ ಬರುವುದುಂಟೆ?

ಎಣ್ಮಕಜೆ, ಪಡ್ರೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಸ್ವರ್ಗವೆಂಬ ಹೆಸರಿನ ಊರೂ ಅಲ್ಲೇ ಇದೆಯಷ್ಟೆ.) 2000ದ ಇಸವಿಯ ವರೆಗೂ ಅಲ್ಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ದೇಶದಲ್ಲೆಲ್ಲ ಆ ವಿಷವನ್ನು ಸುಪ್ರೀಂ ಕೋರ್ಟು ತಡೆದದ್ದು ಅದೇ 2011ರ ಮೇ ತಿಂಗಳಲ್ಲಿ. ಗೇರುಬೀಜ ತಿಂದವರು ದೂರದ ಪಟ್ಟಣಗಳಲ್ಲಿದ್ದರು. ನಮ್ಮ ಸುರಂಗದ ನೀರಿನ ಯೋಚನೆ, ನಮ್ಮ ಮಕ್ಕಳ ಯೋಚನೆ ಅವರಿಗೊಮ್ಮೆಯೂ ಬರಲಿಲ್ಲವೇಕೆಂದು ನಾವು ಕೇಳಿದ್ದು ಎಷ್ಟು ಸಲವೋ!

ಒರತ್ತುಪಾಳಯಂನ ರೈತ ಅದೇ ಪ್ರಶ್ನೆಯನ್ನು ನಮಗೆ ಹಾಕಿದರೆ ಉತ್ತರವಿಲ್ಲ. ಹಬ್ಬಕ್ಕೆ ಬನಿಯನು ಕೊಳ್ಳಲು ಹೋದಾಗ ಅಂಗಡಿಯಲ್ಲಿ ನಾವು ಕೇಳಿದ್ದು ಅಳತೆ ಮತ್ತು ಕ್ರಯ, ಎರಡೇ.