ಅಗ್ಗದ ಚಾರ್ಜರ್, ದುಬಾರಿ ಹೊಣೆ

ಯಾದಗಿರಿ ತಾಲ್ಲೂಕಿನ ಸೈದಾಪುರದಂತಹ ಊರುಗಳಲ್ಲಿ ಬ್ಯಾಟರಿ ವ್ಯಾಪಾರವು ಇಂದು ಎಲೆಕ್ಟ್ರಿಕಲ್ ಅಂಗಡಿಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಮೊಬೈಲ್ ಮಳಿಗೆಯಲ್ಲಿ ಪವರ್ ಬ್ಯಾಂಕ್, ಕಿರಾಣಿ ಅಂಗಡಿಯಲ್ಲಿ ಟಾರ್ಚ್, ಗೊಬ್ಬರದ ಅಂಗಡಿಯಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಮಾರಾಟಕ್ಕಿರುತ್ತವೆ. ಇವುಗಳ ಪೈಕಿ ಅನೇಕ ವಸ್ತುಗಳ ಒಳಗಿರುವುದು ಲಿಥಿಯಂ-ಅಯಾನ್ ಸೆಲ್. ಬಿಲ್ಲಿಲ್ಲದೆ, ಮುದ್ರೆಯಿಲ್ಲದೆ ಕೊಂಡ ಮಾಲಿನಲ್ಲಿ ಲಾಭ ಹೆಚ್ಚು ಎಂಬ ಭಾವನೆ ಕೆಲವು ವರ್ತಕರಲ್ಲಿದೆ. ಲೆಕ್ಕ ಹಾಕಿ ನೋಡಿದರೆ, ಅದು ತಯಾರಕನ ಹೊಣೆಯನ್ನು ವರ್ತಕನೇ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವ ವ್ಯವಹಾರವಾಗಿದೆ.

ವಿದೇಶಗಳಲ್ಲಿ ಇ-ಸಿಗರೇಟಿನ ಬಿಡಿ ಸೆಲ್‌ಗಳು ಜೇಬಿನಲ್ಲಿದ್ದ ಕೀಲಿ, ನಾಣ್ಯಗಳಿಗೆ ತಗುಲಿ ಸ್ಫೋಟಿಸಿದ ಪ್ರಕರಣಗಳು ವರದಿಯಾಗಿವೆ. ಭಾರತದಲ್ಲಿ 2019ರ ಕಾಯ್ದೆಯು ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಹಾಗೂ ಜಾಹೀರಾತನ್ನು ನಿಷೇಧಿಸಿದೆ. ಆದುದರಿಂದ ಆ ಸರಕಿನ ಮಾತೇ ಇಲ್ಲ. ಆದರೆ ಅದೇ ಅಳತೆಯ, ಅಂದರೆ 18 ಮಿ.ಮೀ. ವ್ಯಾಸ ಮತ್ತು 65 ಮಿ.ಮೀ. ಉದ್ದದ 18650 ಸೆಲ್ ನಮ್ಮ ಟಾರ್ಚು, ಪವರ್ ಬ್ಯಾಂಕುಗಳಲ್ಲಿಯೂ ಇದೆ. ಸಾಧನ ಬೇರೆಯಾದ ಮಾತ್ರಕ್ಕೆ ಸೆಲ್ಲಿನ ಗುಣ ಬದಲಾಗುವುದಿಲ್ಲ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಕಷ್ಟವೇನಲ್ಲ. ಈ ಅಳತೆಯ ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸುಮಾರು 3,500 ಎಂಎಎಚ್ ಆಸುಪಾಸಿನಲ್ಲಿರುತ್ತದೆ. 9,900 ಎಂಎಎಚ್ ಎಂದು ಅಚ್ಚು ಹಾಕಿದ ಸೆಲ್ ಕಂಡರೆ ಅದು ಸುಳ್ಳು ಎಂದು ಅಲ್ಲಿಯೇ ತಿಳಿಯಬಹುದು. ಸಾಮರ್ಥ್ಯದ ವಿಷಯದಲ್ಲಿ ಸುಳ್ಳು ಬರೆದವನು ಸುರಕ್ಷತೆಯ ವಿಷಯದಲ್ಲಿ ಸತ್ಯ ಹೇಳುವನೆಂದು ನಂಬುವುದು ಕಷ್ಟ. ಹೊದಿಕೆ ಹರಿದ, ಉಬ್ಬಿದ, ತಗ್ಗು ಬಿದ್ದ ಸೆಲ್ಲನ್ನು ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಕೊಳ್ಳಬಾರದು. ಬಿಡಿ ಸೆಲ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟೇ ಕೊಡಬೇಕು.

ಚಾರ್ಜರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಅಂತಹ ಮೂರು ಸೆಲ್ ಸಾಲಾಗಿ ಜೋಡಿಸಿದ ಪಂಪಿನ ಬ್ಯಾಟರಿಯ ಮಿತಿ 12.6 ವೋಲ್ಟ್. ಹಳೆಯ 12 ವೋಲ್ಟಿನ ಸೀಸದ ಬ್ಯಾಟರಿಯ ಚಾರ್ಜರು 14 ವೋಲ್ಟಿಗೂ ಮೀರಿ ಏರಬಲ್ಲದು. ಎರಡೂ ‘ಹನ್ನೆರಡು ವೋಲ್ಟಿನವು’ ಎಂದು ಒಂದರ ಬದಲಿಗೆ ಮತ್ತೊಂದನ್ನು ಕೊಟ್ಟರೆ, ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟ್ ಕಳಪೆಯಾಗಿದ್ದಲ್ಲಿ ಸೆಲ್ ಕಾದು ಹೊತ್ತಿಕೊಳ್ಳುವ ಸಂಭವವಿದೆ. ಪಂಪಿನೊಡನೆ ಬಂದ ಚಾರ್ಜರು ಕೆಟ್ಟರೆ ಅದೇ ಬಗೆಯ ಬ್ಯಾಟರಿಗೆ, ಅದೇ ವೋಲ್ಟಿಗೆ ತಯಾರಾದುದನ್ನೇ ಕೊಡತಕ್ಕದ್ದು.

ಇನ್ನು ಕಾನೂನು. ಕಡ್ಡಾಯ ನೋಂದಣಿ ಆದೇಶದ ಪ್ರಕಾರ ಇಂತಹ ಸೆಲ್, ಪವರ್ ಬ್ಯಾಂಕ್ ಮತ್ತು ಮೊಬೈಲ್ ಚಾರ್ಜರುಗಳ ಮೇಲೆ ಭಾರತೀಯ ಮಾನಕ ಬ್ಯೂರೋ ಮುದ್ರೆ ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಸೆಲ್ಲಿಗೆ ಐಎಸ್ 16046, ಮೊಬೈಲ್ ಚಾರ್ಜರಿಗೆ ಐಎಸ್ 13252 ಮಾನಕ ಅನ್ವಯಿಸುತ್ತದೆ. ಆ ಸಂಖ್ಯೆ ನಿಜವೇ ಎಂಬುದನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಒಂದು ನಿಮಿಷದಲ್ಲಿ ಪರಿಶೀಲಿಸಬಹುದು. ಮುದ್ರೆಯಿಲ್ಲದ ಸರಕನ್ನು ಮಾರುವುದಷ್ಟೇ ಅಲ್ಲ, ಮಾರಾಟಕ್ಕೆಂದು ದಾಸ್ತಾನು ಮಾಡುವುದೂ 2016ರ ಬ್ಯೂರೋ ಕಾಯ್ದೆಯಡಿ ಅಪರಾಧ. ಮೊದಲ ಬಾರಿಗೆ ಆ ಕಾಯ್ದೆ ವಿಧಿಸಿದ ಕನಿಷ್ಠ ದಂಡ 2 ಲಕ್ಷ ರೂಪಾಯಿ. ಒಂದು ಚಾರ್ಜರಿನಲ್ಲಿ 40 ರೂಪಾಯಿ ಉಳಿಯಿತೆಂದು ಭಾವಿಸಿದರೂ ಈ ದಂಡಕ್ಕೆ 5,000 ಚಾರ್ಜರುಗಳ ಉಳಿತಾಯ ಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮು. ದೋಷಯುಕ್ತ ವಸ್ತುವಿನಿಂದ ಹಾನಿಯಾಗಿ, ಅದರ ತಯಾರಕ ಯಾರೆಂಬುದು ತಿಳಿಯದೆ ಹೋದರೆ ಮಾರಿದವನೇ ಹೊಣೆಗಾರನಾಗುತ್ತಾನೆ. ಬಿಲ್ಲಿಲ್ಲದ, ಹೆಸರಿಲ್ಲದ ಡಬ್ಬಿಯಲ್ಲಿ ಬಂದ ಚಾರ್ಜರಿಗೆ ತಯಾರಕನನ್ನು ಎಲ್ಲಿಂದ ತರುವುದು? ತೆರಿಗೆಯ ದೃಷ್ಟಿಯಿಂದಲೂ ಅಷ್ಟೇ. ತೆರಿಗೆ ಬಿಲ್ಲಿಲ್ಲದ ಖರೀದಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಬೆಂಕಿಯಲ್ಲಿ ಸರಕು ನಾಶವಾದರೆ, ಬಿಲ್ಲಿದ್ದು ಪಡೆದ ಕ್ರೆಡಿಟನ್ನೂ ಜಿಎಸ್‌ಟಿ ಕಾಯ್ದೆಯ 17(5) ಕಲಮಿನಂತೆ ಹಿಂದಿರುಗಿಸಬೇಕು. ವಿಮೆಯ ಪರಿಹಾರ ಕೇಳಲು ಹೋದರೂ ಮೊದಲು ಕೇಳುವುದು ಖರೀದಿ ಬಿಲ್ಲು ಮತ್ತು ದಾಸ್ತಾನು ವಹಿಯನ್ನೇ.

ಬೆಂಕಿಯ ಮಾತು ಅತಿಶಯೋಕ್ತಿಯಲ್ಲ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಹೋಟೆಲೊಂದರ ಕೆಳಗಿದ್ದ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಎದ್ದ ಬೆಂಕಿ ಮತ್ತು ಹೊಗೆಗೆ ಮೇಲಿನ ಅಂತಸ್ತುಗಳಲ್ಲಿ ತಂಗಿದ್ದ 8 ಮಂದಿ ಬಲಿಯಾದರು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ನಮ್ಮ ಪೇಟೆಗಳಲ್ಲಿ ಸಾಮಾನ್ಯ. ಸಾಮಾನ್ಯವಾಗಿ ಈ ಸೆಲ್‌ಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜ್ ಮಾಡಬಾರದು. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವ ಈ ಭಾಗದಲ್ಲಿ ತಗಡಿನ ಮಾಡಿನ ಗೋದಾಮು ಅದಕ್ಕೆ ತಕ್ಕ ಜಾಗವಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ಚಾರ್ಜಿಂಗ್ ನಿಲ್ಲಿಸುವುದು, ಬ್ಯಾಟರಿ ದಾಸ್ತಾನನ್ನು ಹತ್ತಿ, ರಟ್ಟು, ಎಣ್ಣೆಗಳಿಂದ ದೂರವಿಡುವುದು, ಮೆಟ್ಟಿಲ ಬಳಿ ಏನನ್ನೂ ಚಾರ್ಜಿಗೆ ಹಾಕದಿರುವುದು, ಇವು ಖರ್ಚಿಲ್ಲದ ಕ್ರಮಗಳು.

ಗ್ರಾಹಕನೇ ಅಗ್ಗದ ಮಾಲು ಕೇಳುತ್ತಾನೆ, ಸಗಟು ವ್ಯಾಪಾರಿ ಬಿಲ್ಲು ಕೊಡುವುದಿಲ್ಲ ಎಂಬ ಉತ್ತರ ಸಿದ್ಧವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಒಬ್ಬ ಚಿಕ್ಕ ವರ್ತಕ ಹತ್ತು ಚಾರ್ಜರಿಗೆ ಬಿಲ್ಲು ಕೇಳಿದರೆ ಸಗಟಿನವನು ಲಕ್ಷಿಸದಿರಬಹುದು. ಇಪ್ಪತ್ತು ಮಂದಿ ಕೂಡಿ ಕೇಳಿದರೆ ಲಕ್ಷಿಸಲೇಬೇಕಾಗುತ್ತದೆ. ವಾಣಿಜ್ಯ ಸಂಸ್ಥೆಗಳು ಇಂತಹ ಸಾಮೂಹಿಕ ಖರೀದಿಗೆ ನೆರವಾಗುವುದು ಸೂಕ್ತ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಿಗೆ ಅನುಗುಣವಾಗಿ, ಕೆಟ್ಟ ಬ್ಯಾಟರಿಗಳನ್ನು ಕಸದ ಗಾಡಿಗೆ ಹಾಕದೆ ಒಂದೆಡೆ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ವ್ಯವಸ್ಥೆಯನ್ನೂ ಅವು ಮಾಡಬಹುದು. ವರ್ತಕನು ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಬರೆದು, ಯಾವ ಚಾರ್ಜರು ಯಾವ ಬ್ಯಾಟರಿಗೆ ಎಂದು ಒಂದು ಮಾತು ಹೇಳಿ ಕೊಟ್ಟರೆ, ಗ್ರಾಹಕನ ಮನೆಯ ಜೊತೆಗೆ ತನ್ನ ಅಂಗಡಿಯನ್ನೂ ಕಾಪಾಡಿಕೊಂಡಂತಾಗುತ್ತದೆ.