ಬೆಕ್ಕನ್ನ ಮೊದಲು ಕರೆದದ್ದು ಗುಡಿ ಅಲ್ಲ, ಕಣಜ

ಬೆಕ್ಕು ಅಡ್ಡ ಬಂತು ಅಂತ ಟ್ರ್ಯಾಕ್ಟರ್ ನಿಲ್ಲಿಸಿ ಎರಡು ನಿಮಿಷ ಕಾಯೋರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರೇ ರಾತ್ರಿ ಅಟ್ಟದ ಮೇಲೆ ಇಲಿ ಸದ್ದು ಕೇಳಿದ್ರೆ ಪಕ್ಕದ ಮನೆ ಬೆಕ್ಕನ್ನ ಹುಡುಕ್ಕೊಂಡು ಹೋಗ್ತಾರೆ. ಬೆಳಿಗ್ಗೆ ಅಪಶಕುನ, ರಾತ್ರಿ ಕಾವಲು. ಇದು ನಮ್ಮ ಸೀಮೆಯ ವಿಚಿತ್ರ ಅಂದ್ಕೋಬೇಡಿ. ಮನುಷ್ಯ ಎಲ್ಲಾ ಕಡೆ ಬೆಕ್ಕಿನ ಜೊತೆ ಹೀಗೇ ನಡ್ಕೊಂಡಿದ್ದಾನೆ. ಒಂದು ದೇಶದಲ್ಲಿ ದೇವರು, ಇನ್ನೊಂದು ದೇಶದಲ್ಲಿ ದೆವ್ವ. ನನ್ನ ಮಾತು ಇಷ್ಟೇ: ದೇವರೂ ದೆವ್ವವೂ ಆಗೋದಕ್ಕೆ ಮೊದಲು ಬೆಕ್ಕು ರೈತನ ಪಾಲುದಾರ ಆಗಿತ್ತು. ಪೂಜೆಯಿಂದ ಅದಕ್ಕೆ ಹೆಚ್ಚೇನೂ ಸಿಗಲಿಲ್ಲ, ಕೆಲಸದಿಂದ ಅನ್ನ ಸಿಕ್ತು. ಆ ಕೆಲಸವನ್ನ ಈಗ ನಾವೇ ಪಾಷಾಣ ಇಟ್ಟು ಮುಗಿಸ್ತಿದ್ದೀವಿ.

ಮೊದಲಿಂದ ಹೇಳ್ತೀನಿ. ಪಶ್ಚಿಮ ಏಷ್ಯಾದಲ್ಲಿ ಗೋಧಿ, ಬಾರ್ಲಿ ಬೆಳೆದು ಕೂಡಿಡೋದು ಶುರುವಾದಾಗ ಕಾಳಿನ ಹಿಂದೆ ಇಲಿ ಬಂತು, ಇಲಿ ಹಿಂದೆ ಅಲ್ಲಿನ ಕಾಡುಬೆಕ್ಕು ಬಂತು. ಕುರಿ, ದನ ಇವನ್ನ ಮನುಷ್ಯ ಹಿಡಿದು ತಂದು ಕಟ್ಟಿ ಪಳಗಿಸಿದ. ಬೆಕ್ಕನ್ನ ಯಾರೂ ಹಿಡೀಲಿಲ್ಲ, ಹಗ್ಗ ಹಾಕಲಿಲ್ಲ, ಅದೇ ನೋಡ್ಕೊಂಡು ಬಂತು. 2007ರಲ್ಲಿ ಬಂದ ಡಿಎನ್ಎ ಅಧ್ಯಯನ ಇವತ್ತಿನ ಮನೆಬೆಕ್ಕುಗಳ ಬೇರು ಇದೇ ಕಾಡುಬೆಕ್ಕಿನ ಜಾತಿಯಲ್ಲಿದೆ ಅಂತ ತೋರಿಸ್ತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಗೋರಿ ಸಿಕ್ಕಿದೆ. ಮನುಷ್ಯನ ಪಕ್ಕ, ಒಂದು ಮೊಳದ ಒಳಗೇ, ಎಂಟು ತಿಂಗಳ ಬೆಕ್ಕನ್ನ ಹೂತಿದ್ದಾರೆ. ಆ ದ್ವೀಪದಲ್ಲಿ ಮೊದಲು ಬೆಕ್ಕೇ ಇರಲಿಲ್ಲ. ಅಂದ್ರೆ ಯಾರೋ ಬೀಜದ ಕಾಳಿನ ಜೊತೆ ದೋಣಿಯಲ್ಲಿ ಬೆಕ್ಕನ್ನೂ ಹತ್ತಿಸ್ಕೊಂಡು ಹೋಗಿದ್ದಾರೆ ಅಂತಲೇ ನಾನು ಓದ್ಕೊಳ್ಳೋದು.

ಚೀನಾದ ಕಥೆ ನಮಗೆ ಇನ್ನೂ ಹತ್ತಿರ. ಅಲ್ಲಿ ಕ್ವಾನ್‌ಹುಕುನ್ ಅನ್ನೋ ಹಳೇ ಊರಿನ ಅಗೆತದಲ್ಲಿ 5,300 ವರ್ಷದ ಹಿಂದಿನ ಬೆಕ್ಕಿನ ಮೂಳೆ ಸಿಕ್ತು. ಆ ಜನ ನವಣೆ, ಬರಗು ಬೆಳೀತಿದ್ದ ಸಿರಿಧಾನ್ಯದ ರೈತರು. ಮೂಳೆ ಪರೀಕ್ಷೆ ಮಾಡಿದ್ರೆ ಬೆಕ್ಕು ತಿಂದದ್ದು ಧಾನ್ಯ ತಿಂದ ಇಲಿಗಳನ್ನ ಅಂತ ಗೊತ್ತಾಯ್ತು. ಮಜಾ ಏನಂದ್ರೆ, ಆಮೇಲೆ ಮೂಳೆಯ ಆಕಾರ ಅಳೆದಾಗ ಅದು ಮನೆಬೆಕ್ಕಿನ ಜಾತಿಯೇ ಅಲ್ಲ, ಚಿರತೆ ಬೆಕ್ಕು ಅಂತ ತಿಳೀತು. ಸಣ್ಣ ಚುಕ್ಕೆ ಚುಕ್ಕೆಯ ಬೆಕ್ಕು, ನಮ್ಮ ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇರ್ತದಲ್ಲ, ಅದೇ. ಜಾತಿ ಬೇರೆ, ದೇಶ ಬೇರೆ, ಕಾರಣ ಮಾತ್ರ ಒಂದೇ. ಕಣಜ ಇದ್ದ ಕಡೆ ಯಾವುದೋ ಒಂದು ಬೆಕ್ಕು ಬಂದೇ ಬಂದಿದೆ.

ಈಗ ದೇವರ ವಿಷಯ. ಬೆಕ್ಕು ದೇವರು ಅಂದ ತಕ್ಷಣ ಎಲ್ಲರೂ ಈಜಿಪ್ಟ್ ಹೆಸರು ಹೇಳ್ತಾರೆ, ವಾಟ್ಸಾಪ್ ತುಂಬಾ ಅದೇ. ನೈಲ್ ನದಿ ದಂಡೆಯ ಆ ದೇಶ ನಿಂತಿದ್ದೇ ಧಾನ್ಯದ ಮೇಲೆ, ಆಮೇಲೆ ರೋಮಿಗೂ ಅಲ್ಲಿಂದಲೇ ಗೋಧಿ ಹೋಗ್ತಿತ್ತು. ಅಲ್ಲಿ ಬಾಸ್ಟೆಟ್ ಅಂತ ಬೆಕ್ಕಿನ ಮುಖದ ದೇವಿ, ಬುಬಾಸ್ಟಿಸ್ ಅನ್ನೋ ಊರಲ್ಲಿ ಅವಳ ಗುಡಿ, ದೊಡ್ಡ ಜಾತ್ರೆ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಬರೆದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಮನೆ ಬೆಕ್ಕು ಸತ್ತರೆ ಮನೆಮಂದಿಯೆಲ್ಲಾ ಹುಬ್ಬು ಬೋಳಿಸ್ಕೊಳ್ತಿದ್ರು ಅಂತ ದಾಖಲೆ ಮಾಡಿದ್ದಾನೆ. ನಾಲ್ಕು ಶತಮಾನ ಆದಮೇಲೆ ಅಲ್ಲಿಗೆ ಹೋಗಿದ್ದ ಡಿಯೊಡೋರಸ್, ಗೊತ್ತಿಲ್ಲದೆ ಒಂದು ಬೆಕ್ಕು ಕೊಂದ ರೋಮಿನವನನ್ನ ಜನ ಮುತ್ತಿ ಸಾಯಿಸಿದರು, ರಾಜನ ಅಧಿಕಾರಿಗಳು ಬಂದರೂ ತಡೆಯೋಕಾಗಲಿಲ್ಲ ಅಂತ ಬರೀತಾನೆ.

ಇಷ್ಟು ಎಲ್ಲರೂ ಹೇಳ್ತಾರೆ. ಮುಂದಿನದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಹರಕೆ ಒಪ್ಪಿಸೋರಿಗೆ ಮಾರೋದಕ್ಕೆ ಅಂತಲೇ ಅಲ್ಲಿ ಬೆಕ್ಕು ಸಾಕ್ತಿದ್ರು. ಮ್ಯೂಸಿಯಂಗಳಲ್ಲಿ ಆ ಬೆಕ್ಕಿನ ಮಮ್ಮಿಗಳನ್ನ ಎಕ್ಸ್‌ರೇ ಮಾಡಿದಾಗ ಎಷ್ಟೋ ಎಳೇ ಬೆಕ್ಕುಗಳ ಕತ್ತು ಮುರಿದಿದ್ದು ಕಂಡಿದೆ. ಸಾಕು, ಕತ್ತು ತಿರುಚು, ಬಟ್ಟೆ ಸುತ್ತು, ಭಕ್ತನಿಗೆ ಮಾರು. 1888ರಲ್ಲಿ ಬೆನಿ ಹಸನ್ ಹತ್ರ ಒಬ್ಬ ರೈತ ನೆಲ ಅಗೆಯೋವಾಗ ಇಂಥ ಮಮ್ಮಿಗಳ ರಾಶಿಯೇ ಸಿಕ್ತು. 1890ರಲ್ಲಿ ಸುಮಾರು 1,80,000 ಬೆಕ್ಕಿನ ಮಮ್ಮಿಗಳು, 19 ಟನ್ ಲೆಕ್ಕದಲ್ಲಿ, ಹಡಗಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋದವು. ಯಾಕೆ ಗೊತ್ತಾ? ಗೊಬ್ಬರಕ್ಕೆ. ಅಲ್ಲಿ ಹರಾಜು ಕೂಗಿ, ಪುಡಿ ಮಾಡಿ ಹೊಲಕ್ಕೆ ಎರಚೋಕೆ ಮಾರಿದರು. ಮೂಳೆ ಗೊಬ್ಬರದ ಚೀಲ ಹೊತ್ತಾಗೆಲ್ಲ ನನಗೆ ಇದು ನೆನಪಾಗ್ತದೆ.

ಅದಕ್ಕೇ ದೇವರ ಪಟ್ಟದ ಬಗ್ಗೆ ನನಗೆ ಅನುಮಾನ. ಇಸ್ಲಾಮಿನಲ್ಲಿ ಬೆಕ್ಕು ದೇವರಲ್ಲ, ಆದರೆ ಅದರ ಹಕ್ಕನ್ನ ಸರಿಯಾಗಿ ಹೇಳಿದ್ದಾರೆ. ಹದೀಸ್‌ಗಳ ಪ್ರಕಾರ ಬೆಕ್ಕು ಮೈಲಿಗೆ ಅಲ್ಲ, ಮನೆಯೊಳಗೆ ನಮ್ಮ ಜೊತೆ ಓಡಾಡೋ ಜೀವ, ಅದು ಬಾಯಿ ಹಾಕಿದ ನೀರು ಚೆಲ್ಲಬೇಕಿಲ್ಲ. ಇನ್ನೊಂದು ಹದೀಸ್‌ನಲ್ಲಿ ಬೆಕ್ಕನ್ನ ಕೂಡಿಹಾಕಿ ಸಾಯಿಸಿದ ಹೆಂಗಸಿಗೆ ನರಕ. ಅವಳ ತಪ್ಪು ಏನು ಅಂದ್ರೆ ತಾನೂ ಅನ್ನ ಹಾಕಲಿಲ್ಲ, ನೆಲದ ಹುಳಹುಪ್ಪಟೆ ಹಿಡಿದು ತಿನ್ನೋಕೂ ಬಿಡಲಿಲ್ಲ. ಎರಡನೇ ಭಾಗ ನೋಡಿ. ಅನ್ನ ಹಾಕದೇ ಇದ್ರೆ ಹೋಗಲಿ, ಅದರ ದುಡಿಮೆಗಾದ್ರೂ ಬಿಡು. ಇದಕ್ಕಿಂತ ನ್ಯಾಯವಾದ ಕರಾರು ನನಗೆ ಬೇರೆಲ್ಲೂ ಕಾಣಲಿಲ್ಲ. ನಮ್ಮೂರ ಮುಸ್ಲಿಂ ಮನೆಗಳಲ್ಲಿ ಬೆಕ್ಕು ಅಡುಗೆಮನೆಗೆ ನುಗ್ಗಿದ್ರೂ ದೊಣ್ಣೆ ಎತ್ತದೇ ಇರೋದು ನೀವೂ ನೋಡಿರ್ತೀರಿ.

ಯುರೋಪಿನಲ್ಲಿ ಉಲ್ಟಾ ಹೊಡೀತು. 1233ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಹೊರಡಿಸಿದ ಪತ್ರದಲ್ಲಿ ಧರ್ಮದ್ರೋಹಿಗಳ ಪೂಜೆಯಲ್ಲಿ ಕರಿಬೆಕ್ಕು ಬರುತ್ತೆ ಅನ್ನೋ ವರ್ಣನೆ ಇದೆ. ಆಮೇಲೆ ಮಾಟಗಾತಿ, ಕರಿಬೆಕ್ಕು ಅಂತ ಕಥೆ ಬೆಳೀತು. ಪೋಪ್ ಬೆಕ್ಕುಗಳನ್ನೆಲ್ಲಾ ಕೊಲ್ಲಿಸಿದ, ಅದರಿಂದಲೇ ಇಲಿ ಹೆಚ್ಚಿ ಪ್ಲೇಗ್ ಬಂತು ಅನ್ನೋ ವಿಡಿಯೋ ಬರ್ತಾ ಇರ್ತದೆ. ನಂಬಬೇಡಿ. ಆ ಪತ್ರದಲ್ಲಿ ಬೆಕ್ಕು ಕೊಲ್ಲಿ ಅನ್ನೋ ಆಜ್ಞೆ ಇಲ್ಲ, ದೊಡ್ಡ ಪ್ಲೇಗ್ ಬಂದದ್ದು ನೂರು ವರ್ಷ ಆದಮೇಲೆ. ಬೆಕ್ಕಿನ ಪರ ಮಾತಾಡೋಕೆ ಸುಳ್ಳು ಬೇಕಾಗಿಲ್ಲ, ನಿಜವೇ ಸಾಕಷ್ಟಿದೆ. ಬೆಲ್ಜಿಯಂನಲ್ಲಿ ಈಪರ್ ಅಂತ ಉಣ್ಣೆ ಬಟ್ಟೆಗೆ ಹೆಸರಾದ ಪಟ್ಟಣ. ಮಳಿಗೆಯ ಬಟ್ಟೆಯನ್ನ ಇಲಿ ಕಡಿಯದಂತೆ ಕಾಯೋಕೆ ಅಲ್ಲಿ ಬೆಕ್ಕು ಇಟ್ಟಿದ್ರು ಅಂತಾರೆ. ಅದೇ ಊರಲ್ಲಿ ಗಂಟೆ ಗೋಪುರದ ಮೇಲಿಂದ ಬೆಕ್ಕುಗಳನ್ನ ಜೀವಂತ ಎಸೆಯೋ ಹಬ್ಬ ಇತ್ತು, ಕೊನೇ ಸಲ ಎಸೆದದ್ದು 1817ರಲ್ಲಿ. ಈಗ ಮೂರು ವರ್ಷಕ್ಕೊಮ್ಮೆ ಗೊಂಬೆ ಬೆಕ್ಕು ಎಸೀತಾರೆ, ನೋಡೋಕೆ ಪ್ರವಾಸಿಗಳು ಬರ್ತಾರೆ.

ರೇಷ್ಮೆ ಮಾಡೋರು ಇದನ್ನ ಓದಲೇಬೇಕು. ಹುಳು ಮನೆಗೆ, ಚಂದ್ರಿಕೆಗೆ ಇಲಿ ಬಿದ್ರೆ ಒಂದು ರಾತ್ರಿಯಲ್ಲಿ ಏನಾಗ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಜಪಾನಿನಲ್ಲೂ ಅದೇ ಕಾಟ. ಅಲ್ಲಿ ಮೊದಲು ಬೆಕ್ಕು ಅಂದ್ರೆ ದೊಡ್ಡವರ ಮನೆಯ ಶೋಕಿ, ಕೊರಳಿಗೆ ಹಗ್ಗ ಹಾಕಿ ಕಟ್ಟಿ ಸಾಕ್ತಿದ್ರು. 1602ರಲ್ಲಿ ಕ್ಯೋಟೋದಲ್ಲಿ ಸರ್ಕಾರದ ಆಜ್ಞೆಯಾಯ್ತು, ಬೆಕ್ಕು ಕಟ್ಟಬಾರದು, ಬಿಡಬೇಕು ಅಂತ. ಇಲಿ ಹಿಡೀಲಿ ಅಂತ. ಬೆಕ್ಕು ಸಿಗದ ರೇಷ್ಮೆ ರೈತರು ಬೆಕ್ಕಿನ ಚಿತ್ರ ಕೊಂಡು ಹುಳು ಮನೆಯಲ್ಲಿ ತೂಗುಹಾಕ್ತಿದ್ರು. ನಿಟ್ಟಾ ಅನ್ನೋ ಸೀಮೆಯ ಪಾಳೇಗಾರರೇ ಕೂತು ಅಂಥ ಚಿತ್ರ ಬರೆದುಕೊಡ್ತಿದ್ರಂತೆ. ಚಿತ್ರಕ್ಕೆ ಇಲಿ ಹೆದರ್ತಾ? ನಮ್ಮ ಹೊಲದ ಬೆರ್ಚಪ್ಪನಿಗೆ ಹಕ್ಕಿ ಹೆದರಿದಷ್ಟೇ ಇರಬೇಕು. ತಾಶಿರೋಜಿಮಾ ಅನ್ನೋ ದ್ವೀಪದಲ್ಲಿ ಹೀಗೆ ರೇಷ್ಮೆಗೆ ಅಂತ ಸಾಕಿದ ಬೆಕ್ಕಿನ ಸಂತತಿ ಈಗ ಜನರಿಗಿಂತ ಜಾಸ್ತಿ. ಮೀನುಗಾರರ ಕಲ್ಲು ಬಿದ್ದು ಸತ್ತ ಒಂದು ಬೆಕ್ಕಿಗೆ ಅಲ್ಲಿ ಗುಡಿ ಕಟ್ಟಿದ್ದಾರೆ. ಮೊದಲು ಕೆಲಸ, ಆಮೇಲೆ ಗುಡಿ. ಈ ಕ್ರಮ ನನಗೆ ಒಪ್ಪಿಗೆ.

ಇನ್ನು ನಮ್ಮದು. ನಾವು ಬೆಕ್ಕಿಗೆ ಒಂದೇ ಮುಖ ಕೊಟ್ಟಿಲ್ಲ. ಮಹಾಭಾರತದಲ್ಲಿ ಗಂಗೆ ದಡದಲ್ಲಿ ತಪಸ್ಸಿನ ನಾಟಕ ಆಡಿ ಇಲಿಗಳನ್ನ ನುಂಗೋ ಬೆಕ್ಕಿನ ಕಥೆ ಇದೆ. ಮಹಾಬಲಿಪುರದ 7ನೇ ಶತಮಾನದ ದೊಡ್ಡ ಬಂಡೆಯಲ್ಲಿ ಅಂಥದ್ದೇ ಕೈ ಎತ್ತಿ ನಿಂತ ಬೆಕ್ಕು, ಸುತ್ತ ಇಲಿಗಳು, ಕೆತ್ತಿದ್ದಾರೆ. ಹೋದೋರು ಆನೆ ಮುಂದೆ ಫೋಟೋ ತೆಗೆಸ್ಕೊಂಡು ಬರ್ತಾರೆ, ಆನೆ ಕಾಲ ಹತ್ರದ ಬೆಕ್ಕನ್ನ ನೋಡಲ್ಲ. ಬಂಗಾಳದ ಕಡೆ ಮಕ್ಕಳನ್ನ ಕಾಯೋ ಷಷ್ಠಿ ದೇವಿಗೆ ಬೆಕ್ಕೇ ವಾಹನ. ಕದ್ದು ತಿಂದ ಸೊಸೆ ತಪ್ಪನ್ನ ಬೆಕ್ಕಿನ ಮೇಲೆ ಹಾಕಿ ಕಷ್ಟಕ್ಕೆ ಸಿಕ್ಕಳು ಅಂತ ಅಲ್ಲಿನ ವ್ರತದ ಕಥೆ. ಮೇಲುಕೋಟೆಗೆ ಹೋದ್ರೆ ಶ್ರೀವೈಷ್ಣವರಲ್ಲಿ ತೆಂಕಲೆಯವರ ಮಾರ್ಜಾಲ ನ್ಯಾಯ ಕೇಳಿರ್ತೀರಿ. ಕೋತಿಮರಿ ತಾಯಿಯನ್ನ ತಾನೇ ಅವುಚಿ ಹಿಡೀಬೇಕು, ಬೆಕ್ಕಿನ ಮರಿ ಸುಮ್ನೆ ಇದ್ರೂ ತಾಯಿ ಬಾಯಲ್ಲಿ ಕಚ್ಕೊಂಡು ಹೋಗ್ತಾಳೆ, ದೇವರ ದಯೆಯೂ ಹಾಗೇ ಅಂತ. ಬೆಕ್ಕು ಮರಿಗಳನ್ನ ಏಳು ಮನೆ ಸುತ್ತಿಸೋದನ್ನ ಕಂಡ ಹಳ್ಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ನಮ್ಮ ಮದ್ದೂರು ತಾಲ್ಲೂಕಲ್ಲೇ ಇದೆ, ಬೆಕ್ಕಳಲೆ. ಮಂಗಮ್ಮ ತಾಯಿ ಬೆಕ್ಕಿನ ರೂಪದಲ್ಲಿ ಬಂದು ಊರು ಕಾದಳು ಅನ್ನೋದು ಆ ಊರವರ ನಂಬಿಕೆ. ಅಲ್ಲಿ ಬೆಕ್ಕಿಗೆ ಪೂಜೆ, ಬೆಕ್ಕಿಗೆ ಯಾರೂ ಕೈ ಎತ್ತಂಗಿಲ್ಲ, ಸತ್ರೆ ಮಣ್ಣು ಮಾಡ್ತಾರೆ. ಹತ್ತಿಪ್ಪತ್ತು ಮೈಲಿ ಆಚೆ ಅದೇ ಬೆಕ್ಕು ಅಡ್ಡ ಬಂದ್ರೆ ನಾವು ಉಗೀತೀವಿ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದು ಗಾಡಿ ಎತ್ತು ಬೆದರ್ತಿದ್ವು, ಅದಕ್ಕೇ ಹಿರಿಯರು ನಿಲ್ಲಿ ಅಂದ್ರು ಅಂತ ವಿಜ್ಞಾನ ಹೇಳೋರೂ ಇದ್ದಾರೆ. ಟ್ರ್ಯಾಕ್ಟರಿಗೆ ಏನು ಬೆದರಿಕೆಯಪ್ಪಾ?

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಮ್ಮ ತಾತಂದಿರ ಕಾಲದಲ್ಲಿ ಹಗೇವಿನಲ್ಲಿ ರಾಗಿ, ಕಣಜದಲ್ಲಿ ಭತ್ತ. ಈಗ ಕಟಾವು ಮಿಷನ್ನಿಂದ ಭತ್ತ ನೇರ ವ್ಯಾಪಾರಿ ಲಾರಿಗೆ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಬೆಕ್ಕು ನುಸುಳೋ ಗೂಡು ಕಿಂಡಿ ಮುಚ್ಚಿದ್ವು. ಮನೇಲಿ ಬೆಕ್ಕಿಗೆ ಕೆಲಸ ಇಲ್ಲ. ಇಲಿ ಮಾತ್ರ ಎಲ್ಲೂ ಹೋಗಿಲ್ಲ, ಕಬ್ಬಿನ ಗದ್ದೆ, ಭತ್ತದ ಬದು, ತೆಂಗಿನ ಮಂಡೆ ಸೇರ್ಕೊಂಡಿದೆ. ಅದಕ್ಕೆ ನಮ್ಮ ಉತ್ತರ ಬ್ರೋಮೋಡಯಲಾನ್ ಕೇಕು. ಈ ಔಷಧ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತೆ, ಇಲಿ ತಕ್ಷಣ ಸಾಯಲ್ಲ, ಮೂರು ನಾಲ್ಕು ದಿನ ತೂರಾಡ್ಕೊಂಡು ಓಡಾಡುತ್ತೆ. ಅಂಥ ಇಲಿಯೇ ಬೆಕ್ಕಿಗೆ ಸುಲಭವಾಗಿ ಸಿಗೋದು. ವಿಷ ಇಲಿಯ ಈಲಿಯಲ್ಲಿ ಕೂತಿರ್ತದೆ. ಅಂಥ ಇಲಿಗಳನ್ನ ತಿಂತಾ ಹೋದ ಬೆಕ್ಕು ಒಳಗೊಳಗೇ ರಕ್ತ ಸೋರಿ ಮೂಲೆ ಹಿಡೀಬಹುದು. ನಮ್ಮ ಬೀದಿಯಲ್ಲೇ ಈ ಬೇಸಿಗೆಯಲ್ಲಿ ಮೂರು ಬೆಕ್ಕು ಹೋದವು. ಒಂದಕ್ಕೆ ಹಾಲು ಕುಡಿಯೋ ಮರಿಗಳಿದ್ವು. ಮಾಟ ಅಂದ್ರು ಕೆಲವರು, ಮೂಗಲ್ಲಿ ರಕ್ತ ಇತ್ತು ಅನ್ನೋದನ್ನ ಯಾರೂ ಯೋಚಿಸಲಿಲ್ಲ. ಬೆಕ್ಕಿನ ಜೊತೆ ಗೂಬೆಯೂ ಇದೇ ದಾರಿಯಲ್ಲಿ ಹೋಗ್ತಿದೆ. ಆ ಬಿಳಿ ಮುಖದ ಗೂಬೆಯ ಹೆಸರೇ ಕಣಜ ಗೂಬೆ ನೋಡಿ, ಅದನ್ನೂ ನಾವು ಅಪಶಕುನ ಅಂತೀವಿ.

ಬೆಕ್ಕು ಸಾಕಿದ್ರೆ ಇಲಿ ಕಾಟ ಮುಗೀತು ಅಂತ ನಾನು ಹೇಳ್ತಿಲ್ಲ. ದೊಡ್ಡ ಹೆಗ್ಗಣದ ಹತ್ರ ಬೆಕ್ಕು ಹೋಗೋದು ಕಷ್ಟ. ಎಕರೆಗಟ್ಟಲೆ ಕಬ್ಬಿಗೆ ಎರಡು ಬೆಕ್ಕು ಏನೂ ಸಾಲಲ್ಲ. ಅದು ಹಕ್ಕಿಮರಿ, ಹಾವುರಾಣಿಯನ್ನೂ ಬಿಡಲ್ಲ, ಲೆಕ್ಕವಿಲ್ಲದೆ ಮರಿ ಹಾಕುತ್ತೆ, ಆಪರೇಷನ್ ಮಾಡಿಸೋದೇ ಒಳ್ಳೇದು. ಆದರೆ ಮನೆ, ಕೊಟ್ಟಿಗೆ, ಮೇವಿನ ಮೆದೆ, ಹುಳು ಮನೆಯ ಸುತ್ತ ಸುಂಡಿಲಿ, ಎಳೇ ಇಲಿ ಏಳದಂಗೆ ನೋಡ್ಕೊಳ್ಳೋಕೆ ಬೆಕ್ಕಿನಷ್ಟು ಅಗ್ಗದ ಆಳು ಇಲ್ಲ. ಅಲ್ಲಿ ಪಾಷಾಣ ಯಾಕೆ? ಬೋನು ಇಡಿ. ಗದ್ದೆ ಬದುಗಳನ್ನ ಸವರಿ ಸಣ್ಣ ಮಾಡಿ, ದಪ್ಪ ಬದುವಿನಲ್ಲೇ ಬಿಲ ಜಾಸ್ತಿ. ಗೂಬೆ ಕೂರೋಕೆ ಅಡ್ಡಗೋಲು ನೆಡಿ. ಪಾಷಾಣ ಇಡಲೇಬೇಕು ಅಂದ್ರೆ ಒಬ್ಬೊಬ್ಬರೇ ಇಟ್ರೆ ಪ್ರಯೋಜನ ಇಲ್ಲ, ಇಲಿ ಪಕ್ಕದ ಗದ್ದೆಗೆ ಹೋಗಿ ವಾಪಸ್ ಬರುತ್ತೆ. ಇಡೀ ಬಯಲು ಒಂದೇ ಸಲ, ಬಿಲದ ಒಳಗೆ ಮಾತ್ರ. ಸತ್ತ ಇಲಿಯನ್ನ, ಉಳಿದ ಕೇಕನ್ನ ದಿನಾ ಬೆಳಿಗ್ಗೆ ಆರಿಸಿ ಆಳವಾಗಿ ಹೂಳಬೇಕು. ಮಂಕಾದ ಬೆಕ್ಕು ಕಂಡ್ರೆ ತಡ ಮಾಡದೆ ಪಶುವೈದ್ಯರ ಹತ್ರ ಒಯ್ದು ಯಾವ ಔಷಧ ಇಟ್ಟಿದ್ರು ಅಂತ ಹೇಳಿ. ಬ್ರೋಮೋಡಯಲಾನ್‌ಗೆ ವಿಟಮಿನ್ ಕೆ1 ಮದ್ದು ಇದೆ.

ಭತ್ತ ಹೊಡೆ ಬರೋದಕ್ಕೆ ಮುಂಚೆ ನಮ್ಮ ಬಯಲಿನವರು ಒಂದು ದಿನ ಗೊತ್ತು ಮಾಡ್ಕೊಳ್ಳೋಣ. ಕಾಲುವೆ ಮೇಲಿನವರು, ಕೆಳಗಿನವರು ಇಬ್ಬರೂ ಬೇಕು. ಇಡೋ ಮೂರು ದಿನ ಮುಂಚೆ ಇಲ್ಲೇ ಹಾಕ್ತೀನಿ, ಬೆಕ್ಕು ಇರೋ ಮನೆಯವರು ಆ ವಾರ ಒಳಗೆ ಕಟ್ಕೊಂಡು ಎರಡು ಹೊತ್ತು ಅನ್ನ ಹಾಕಿ. ಯಾರ ಹತ್ರ ಬೋನು ಜಾಸ್ತಿ ಇದೆ, ಕೆಳಗೆ ಬರೀರಿ.