ಹೆಬ್ಬೆಟ್ಟಿನ ಗುರುತು

ಔಷಧಿಯ ಗುಣಾವಗುಣಗಳನ್ನು ಅರಿಯಲು ವಿಜ್ಞಾನವು ಕೊನೆಗೆ ಮನುಷ್ಯನ ಮೈಯನ್ನೇ ಆಶ್ರಯಿಸಬೇಕಾಗುತ್ತದೆ. ಅಂಥದೊಂದು ಪ್ರಯೋಗ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ಹೆರಿಗೆಯ ತರುವಾಯದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ತಡೆಯಬಲ್ಲುದೇ ಎಂಬುದು ಪ್ರಶ್ನೆ. 1620 ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಮಾತ್ರೆಯನ್ನೂ ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. ಅತಿಯಾಗಿ ರಕ್ತಸ್ರಾವವಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 6.4, ಎರಡನೆಯದರಲ್ಲಿ ನೂರಕ್ಕೆ 12. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯವಶ್ಯಕ ಔಷಧಿಗಳ ಸಾಲಿಗೆ ಸೇರಿಸಿತು.

ಹುಸಿಮಾತ್ರೆ ನುಂಗಿದವರಿಲ್ಲದೆ ಈ ಹೋಲಿಕೆಯೇ ಸಾಧ್ಯವಿರಲಿಲ್ಲ. ಅಂಥವರ ಋಣ ಸಮಾಜದ ಮೇಲಿದೆ. ಅವರನ್ನು ಕಾಯುವುದು ಸರಕಾರದ ಧರ್ಮ.

2019ರ ಕೇಂದ್ರ ನಿಯಮಗಳ ಪ್ರಕಾರ, ಕನಿಷ್ಠ ಏಳು ಸದಸ್ಯರ ನೀತಿ ಸಮಿತಿಯು ಒಪ್ಪದೆ ಹೊಸ ಔಷಧಿಯನ್ನು ಜನರ ಮೇಲೆ ಪ್ರಯೋಗಿಸುವಂತಿಲ್ಲ. ಓದುಬಾರದವರು ಸಮ್ಮತಿ ನೀಡುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕು. ಸಮಿತಿಯಲ್ಲಿ ಸಾಮಾನ್ಯ ಪ್ರಜೆಯೊಬ್ಬರಿಗೂ ಸ್ಥಾನವುಂಟು. ಆದರೆ ಆ ಸ್ಥಾನದಲ್ಲಿ ಪಟ್ಟಣದ ಗಣ್ಯರೇ ಕುಳಿತರೆ ವಿಧಿ ಪೂರೈಸೀತು, ಉದ್ದೇಶ ಈಡೇರದು. ಬೀಳಗಿ ತಾಲ್ಲೂಕಿನ ಬಾಡಗಂಡಿಯಂಥ ಊರಿನಲ್ಲಿ ಪ್ರಯೋಗ ನಡೆಯುವುದಾದರೆ, ಆ ಸೀಮೆಯ ಮಾತನ್ನೂ ಬಡವರ ಸಂಕೋಚವನ್ನೂ ಬಲ್ಲ ಹೆಣ್ಣುಮಗಳೊಬ್ಬಳು ಅಲ್ಲಿರಬೇಕು. “ನಮ್ಮವರಿಗೆ ಇದು ತಿಳಿಯಿತೇ?” ಎಂದು ಅವಳು ಕೇಳಬೇಕು, ಉತ್ತರ ಸಿಗುವವರೆಗೆ ಪ್ರಯೋಗ ಕಾಯಬೇಕು.

ದೊಡ್ಡವರು ಕೇಳಿದಾಗ ಒಲ್ಲೆನೆನ್ನಲು ಅಂಜುವವರೇ ಹಳ್ಳಿಗಳಲ್ಲಿ ಹೆಚ್ಚು. ಒಲ್ಲೆನೆನ್ನುವ ಧೈರ್ಯವನ್ನು ಕೊಡದ ಕಾನೂನಿನಲ್ಲಿ ಹೆಬ್ಬೆಟ್ಟಿನ ಗುರುತು ಸಮ್ಮತಿಯಲ್ಲ. ಅದು ಬರಿಯ ಮಸಿ.